ಎದೆಯ ಮೇಲಿನ ಚೀಟಿ

ಅಕ್ಟೋಬರ್ ಕೊನೆಯ ವಾರ, ಬೆಳಿಗ್ಗೆ ಎಂಟು ಗಂಟೆ. ಅಮೆರಿಕದ ಕ್ಯಾಂಟನ್ನಿನ ವೃದ್ಧಾಶ್ರಮದ ಊಟದ ಹಾಲಿಗೆ ಕಾಲಿಟ್ಟ ರೇವಣಪ್ಪ ಬಾಗಿಲಲ್ಲೇ ನಿಂತುಬಿಟ್ಟರು. ಕೂತವರೆಲ್ಲರ ಎದೆಯ ಮೇಲೂ ಹೆಸರು ಬರೆದ ಒಂದೊಂದು ಬಿಳಿ ಚೀಟಿ. ಇಲ್ಲದ್ದು ಇಬ್ಬರಿಗೇ: ತಮಗೆ, ಮತ್ತೆ ಪಕ್ಕದ ಕೋಣೆಯ ಗದಗಿನ ಮೆಹಬೂಬರಿಗೆ.

ಒಂದೊಂದು ಟೇಬಲ್ಲಿಗೂ ಹೋಗಿ, ಹೆಸರು ಹಿಡಿದು ಕರೆದು, ಕೈ ಕುಲುಕಿ, ಆಮೇಲೆಯೇ ಚಹಾ ಮುಟ್ಟುವುದು ರೇವಣಪ್ಪನವರ ಪದ್ಧತಿ. ಅವತ್ತೂ "ಗುಡ್ ಮಾರ್ನಿಂಗ್ ಡಾರತಿ, ಸ್ಲೀಪ್ ಗುಡ್?" ಎಂದು ಶುರುಮಾಡಿ ಒಂದು ಹೆಸರೂ ತಪ್ಪದೆ ಸುತ್ತು ಮುಗಿಸಿದರು. ಈಚೆಗೆ ಹಾಗಾದದ್ದೇ ಅಪರೂಪ. ಆದರೂ ಮನಸ್ಸು ಚೀಟಿಯಲ್ಲೇ ಸಿಕ್ಕಿಕೊಂಡಿತ್ತು.

"ದೋಸ್ತ, ಇದೇನ ನಡದೈತಿ? ನಮ್ಮಿಬ್ಬರಿಗೆ ಯಾಕ ಕೊಟ್ಟಿಲ್ಲ?"

"ಹೊಸಾ ರೂಲ್ ಇರಬೇಕು. ಚಾ ಕುಡಿ, ಆರತೈತಿ," ಎಂದರು ಮೆಹಬೂಬ್.

"ಸುಳ್ಳು ಹೇಳಬ್ಯಾಡ. ಚೀಟಿ ಇದ್ದೋರನ್ನ ಇಟ್ಕೊಂತಾರ, ಇಲ್ಲದೋರನ್ನ ಆ ಕಡೆ ಹಾಕ್ತಾರ."

ಆ ಕಡೆ ಎಂದರೆ ಹೂದೋಟದಾಚೆಯ ಕಟ್ಟಡ. ಮರೆವು ಹೆಚ್ಚಾದವರನ್ನು ಅಲ್ಲಿಗೆ ಕಳಿಸುತ್ತಾರೆ. ಬಾಗಿಲಿಗೆ ನಂಬರಿನ ಬೀಗ. ಹೋದವರು ಈ ಹಾಲಿಗೆ ತಿರುಗಿ ಬಂದದ್ದನ್ನು ರೇವಣಪ್ಪ ಕಂಡಿಲ್ಲ.

"ಹಂಗಾದ್ರ ಇಬ್ರೂ ಕೂಡೇ ಹೋಗೂಣು ಬಿಡು," ಮೆಹಬೂಬ್ ನಕ್ಕರು. ಆ ನಗೆಯ ಮೇಲೂ ರೇವಣಪ್ಪನವರಿಗೆ ಗುಮಾನಿ. ಮೂರು ದಿನ ಕಾದು ನೋಡಿದರು. ತಾವು ಬಂದೊಡನೆ ಟೇಬಲ್ಲುಗಳಲ್ಲಿ ಮಾತು ನಿಲ್ಲುತ್ತಿತ್ತು. ಮೆಹಬೂಬರ ಕಿಸೆಯಲ್ಲಿ ಎಂದೂ ಇಲ್ಲದ ದಪ್ಪ ಕರಿ ಪೆನ್ನು.

ನಾಲ್ಕನೆಯ ದಿನ ಡಾರತಿಯ ಚೀಟಿ ತಲೆಕೆಳಗಾಗಿತ್ತು. ತೋರಿಸಿದರೆ ಅವಳಿಗೆ ತಿಳಿಯಲೇ ಇಲ್ಲ. ಕತ್ತು ಬಗ್ಗಿಸಿ ನೋಡಿ ಸುಮ್ಮನೆ ನಕ್ಕಳು. ರೇವಣಪ್ಪನವರೇ ಕಿತ್ತು ನೇರ ಮಾಡಿದರು. ಕೈ ಅಲ್ಲೇ ತಡೆಯಿತು. ಕನ್ನಡ ಅಕ್ಷರ. ಅವಳ ಪಕ್ಕದವನದೂ ಕನ್ನಡ, ಅವನಾಚೆಯವಳದೂ ಕನ್ನಡ. ಇಷ್ಟು ದಿನ ಸಲೀಸಾಗಿ ಓದುತ್ತಿದ್ದವರಿಗೆ ಅದು ಹೊಳೆದೇ ಇರಲಿಲ್ಲ. ಇಂಗ್ಲಿಷ್ ಓದಲು ಅವರಿಗೆ ಬಾರದು. ಅಲ್ಲಿ ಕೂತವರಲ್ಲಿ ಕನ್ನಡ ಬಲ್ಲವರು ಇಬ್ಬರೇ.

ತಿರುಗಿ ನೋಡಿದರು. ಮೆಹಬೂಬ್ ಚಹಾದ ಕಪ್ಪಿನೊಳಗೆ ಮುಖ ಇಟ್ಟಿದ್ದರು.

ಅಷ್ಟರಲ್ಲಿ ಮಂಗಳೂರಿನ ನರ್ಸ್ ಲೀನಾ ಫೈಲ್ ಹಿಡಿದು ಬಂದಳು. ರೇವಣಪ್ಪನವರಿಗೆ ತಿಂಗಳಿಗೊಮ್ಮೆಯ ನೆನಪಿನ ಪರೀಕ್ಷೆ. ಚೀಟಿಗಳನ್ನೆಲ್ಲ ಒಂದು ಸುತ್ತು ನೋಡಿದಳು. ಚೀಟಿಯಿಲ್ಲದ ಮೆಹಬೂಬರತ್ತ ಬೆರಳು ಮಾಡಿದಳು.

"ಸುಲಭದ್ದೇ ಕೇಳ್ತೇನೆ ಅಂಕಲ್. ಇವರು ಯಾರು, ಹೇಳಿ ನೋಡುವ?"

"ನನ್ನ ದೋಸ್ತ. ಗದಗಿನಾಂವ. ಚಾಕ್ಕ ಮೂರು ಚಮಚಿ ಸಕ್ರಿ ಹಾಕ್ಕೊಂಡು ಡಾಕ್ಟರ್ ಮುಂದ ಒಂದು ಅಂತಾನ."

"ಹೌದಾ! ಹೆಸರು?"

ರೇವಣಪ್ಪ ಬಾಯಿ ತೆರೆದರು. ಕಣ್ಣು ತಾನಾಗಿಯೇ ಗೆಳೆಯನ ಎದೆಗೆ ಹೋಯಿತು. ಅಲ್ಲಿ ಸ್ವೆಟರಿನ ಗುಂಡಿಗಳಷ್ಟೇ ಇದ್ದವು.

"ನಂದೂ ಬರಕೋಬೇಕಂತ ನನಗ ಹೊಳೀಲೇ ಇಲ್ಲ, ತಂಗೀ," ಎಂದರು ಮೆಹಬೂಬ್, ತಪ್ಪು ಮಾಡಿದವರ ಹಾಗೆ.

ಮುಂದಿನ ಸೋಮವಾರ ಹೂದೋಟದಾಚೆಯ ಬಾಗಿಲವರೆಗೂ ಮೆಹಬೂಬರೇ ರೇವಣಪ್ಪನವರ ಬ್ಯಾಗ್ ಹೊತ್ತು ಬಂದರು. ಅವರ ಎದೆಯ ಮೇಲೆ ತಮ್ಮದೇ ಹೆಸರು ಬರೆದ ಅಂಗೈಯಗಲದ ಚೀಟಿ. ರೇವಣಪ್ಪ ನಿಂತು ಅದನ್ನು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ ಕಿತ್ತು, ತಮ್ಮ ಅಂಗಿಗೆ ಅಂಟಿಸಿಕೊಂಡು ಒಳಗೆ ಹೋದರು.