ಉಗರಗೋಳದ ಎಂಟು ಬಾಟಲಿ

ಮೀಟರಿನ ಅಂಕಿ ನೋಡಿ ಪ್ರಣಿತಾ ಅದನ್ನು ತೊಳೆದು ಮತ್ತೊಮ್ಮೆ ಹಾಲಿಗೆ ಅದ್ದಿದಳು. ಉಗರಗೋಳದ ಎಂಟು ಮನೆಗಳಿಂದ ಅಂದು ಬೆಳಿಗ್ಗೆ ಬಂದ ಎಂಟು ಬಾಟಲಿ ಹಾಲಿನಲ್ಲಿ ಏಳು ಮೊದಲಿಗಿಂತಲೂ ಕೆಟ್ಟಿದ್ದವು. ಕೆಚ್ಚಲು ಬಾವು ಬಂದ ಎಮ್ಮೆಯ ಹಾಲಿನಲ್ಲಿ ಉಪ್ಪಿನಂಶ ಏರುತ್ತದೆ. ಅದನ್ನು ಹಿಡಿದು ತೋರಿಸುವುದೇ ಅಂಗೈಯಷ್ಟಿದ್ದ ಆ ಮೀಟರಿನ ಕೆಲಸ. ಅಂಕಿ ಐದರೊಳಗೆ ಇಳಿದರೆ ಎಮ್ಮೆ ಗುಣವಾದಂತೆ. ಔಷಧ ಕೊಡುವ ಮೊದಲು ಆರು, ಏಳು ಇದ್ದದ್ದು ಈಗ ಔಷಧ ಮುಗಿದು ಎಂಟು ದಿನವಾದ ಮೇಲೆ ಹತ್ತು, ಹನ್ನೊಂದು ಎನ್ನುತ್ತಿತ್ತು. ಚನ್ನವ್ವನ ಮನೆಯದೊಂದು ಮಾತ್ರ ಮೊದಲಿದ್ದ ಆರರಲ್ಲೇ ನಿಂತು ಸ್ವಲ್ಪ ಮಾನ ಉಳಿಸಿತ್ತು. ನೋಡಲು ಹಾಲು ಬೆಳ್ಳಗೆ ಚೊಕ್ಕಟವಾಗಿತ್ತು, ನಿಜ. ಆದರೆ ಕಣ್ಣನ್ನು ನಂಬಬೇಡ, ಮೀಟರನ್ನು ನಂಬು ಎಂದೇ ಅವಳು ಕಲಿತು ಬಂದದ್ದು.

ಮಲಪ್ರಭೆಯ ದಂಡೆಯ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ. ಅದು ಒಸರುವ ರಸದಿಂದ ಈ ಔಷಧ ಮಾಡಲು ಅವಳಿಗೆ ಮೂರು ವರ್ಷ ಹಿಡಿದಿತ್ತು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಹುಲಿಯಾಗಿದ್ದದ್ದು ಕೊಟ್ಟಿಗೆಗೆ ಬಂದು ಇಲಿಯಾಯಿತೇ? ಫೋನಿನಲ್ಲಿ ವಿಷಯ ಕೇಳಿದ ಅವಳ ಗುರು ಮಲ್ಲಿಕಾರ್ಜುನ ಸರ್ ಅಂಕಿಗಳನ್ನು ಒಂದೊಂದಾಗಿ ಬರೆದುಕೊಂಡರು. ಕೊನೆಗೆ, ಪ್ರಯೋಗ ಇವತ್ತೇ ನಿಲ್ಲಿಸು, ಎಮ್ಮೆಗಳಿಗೆ ರೂಢಿಯ ಇಂಜೆಕ್ಷನ್ನು ಶುರುಮಾಡಿಸು ಎಂದರು. ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದುಕೊಳ್ಳುತ್ತ ಪ್ರಣಿತಾ ಔಷಧದ ಪೆಟ್ಟಿಗೆ, ಮೀಟರು ಎತ್ತಿಕೊಂಡು ಸವದತ್ತಿಯಿಂದ ಉಗರಗೋಳದ ಬಸ್ಸು ಹತ್ತಿದಳು.

ಮೊದಲು ಹೋದದ್ದು ಯಲ್ಲವ್ವನ ಮನೆಗೆ. ಊರ ಪಕ್ಕದ ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಚಹಾ ಮಾರುವ ಹೆಂಗಸು. ಮೀಟರು ಸೈ ಅನ್ನುವವರೆಗೆ ಎಮ್ಮೆಯ ಹಾಲು ಬಳಸಬೇಡಿ ಎಂದಿದ್ದಕ್ಕೆ ಹೊಟ್ಟೆ ಉರಿಸಿಕೊಂಡು ದಿನವೂ ತಿಪ್ಪೆಗೆ ಚೆಲ್ಲುತ್ತಿದ್ದಳು. ಅಂಥವಳೆದುರು ನಿಮ್ಮ ಎಮ್ಮೆ ಗುಣವಾಗಿಲ್ಲ ಎನ್ನಲು ಪ್ರಣಿತಾಳಿಗೆ ನಾಲಿಗೆ ಏಳಲಿಲ್ಲ. ಸಾಯುವ ಮುಂಚೆ ಒಂದು ಗುಟುಕು ನೀರು ಕೇಳಿದಂತೆ, ಇನ್ನೊಂದು ಬಾಟಲಿ ಹಾಲು ಕೊಡಿ ಎಂದು ಕೇಳಿದಳು.

ಯಲ್ಲವ್ವ ಹಿತ್ತಲಿಗೆ ಹೋಗಿ ಎಮ್ಮೆಯ ಮೈ ಸವರಿ ಬಾಟಲಿ ತುಂಬಿಸಿಕೊಂಡು ಬಂದಳು. ಹೊಸ್ತಿಲ ಹತ್ತಿರ ಬಂದವಳೇ ಗೂಡಿನಲ್ಲಿದ್ದ ತೆಂಗಿನ ಕರಟಕ್ಕೆ ಕೈಹಾಕಿ, ಚಿಟಿಕೆಯಷ್ಟು ಏನನ್ನೋ ಬಾಟಲಿಗೆ ಉದುರಿಸಿ ಮುಚ್ಚಳ ಬಿಗಿದಳು.

"ಆಯೀ, ಅದೇನು ಹಾಕಿದ್ರಿ?"

"ಉಪ್ಪು. ಹಾಲು ಹೊಸ್ತಿಲಾ ದಾಟೂ ಮುಂದ ನಾಕ ಹರಳ ಉಪ್ಪು ಹಾಕಬೇಕವಾ, ಇಲ್ಲಂದ್ರ ಎಮ್ಮಿಗೆ ದಿಷ್ಟಿ ಆಗತೈತಿ. ನಿಮ್ಮ ಮನ್ಯಾಗ ಹಾಕಂಗಿಲ್ಲೇನು?"

ಇದೇ ಸೀಮೆಯ ಸಂಪಗಾಂವದಲ್ಲಿ ಹುಟ್ಟಿದರೂ ಪ್ರಣಿತಾ ಪಾಕೀಟಿನ ಹಾಲು ಕುಡಿದು ಬೆಳೆದವಳು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಟಲಿ ಹೇಗೆ ತೊಳೆಯಬೇಕು, ಕೆಚ್ಚಲು ಹೇಗೆ ಒರೆಸಬೇಕು ಎಂದೆಲ್ಲ ಮನೆಮನೆಗೆ ಹೇಳಿಕೊಟ್ಟಿದ್ದಳು. ಉಪ್ಪು ಹಾಕಬೇಡಿ ಎಂದು ಹೇಳಬೇಕೆಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮರುಗಳಿಗೆಗೆ ಇನ್ನೊಂದು ಭಯ ಹುಟ್ಟಿತು. ಹಾಗಾದರೆ ಔಷಧಕ್ಕೆ ಮೊದಲಿನ ಅಂಕಿಗಳೂ ಸುಳ್ಳೇ? ಆಗಲೂ ಹಾಕಿದ್ದಿರೇನು ಎಂದು ಕೇಳಿದಳು.

ಓದಿದವರಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ಯಲ್ಲವ್ವ ಅವಳನ್ನು ನೋಡಿದಳು. "ಆವಾಗ ಬರೇ ಗಡ್ಡಿಗಡ್ಡಿ ಬರತಿತ್ತು, ನೆತ್ತರ ಬ್ಯಾರೆ. ಅಂಥಾ ಹಾಲಿಗೆ ಯಾರ ದಿಷ್ಟಿ ಬೀಳತೈತಿ ತಂಗಿ? ಈಗ ಛಲೋ ಆಗೇತಿ, ಅದಕ್ಕ ಹಾಕೀನಿ."

ಪ್ರಣಿತಾ ತಾನೇ ಎಮ್ಮೆಯ ಬಳಿಗೆ ಓಡಿ, ಹೊಸ ಬಾಟಲಿಯಲ್ಲಿ ಹಾಲು ಹಿಂಡಿಕೊಂಡು, ಅಲ್ಲೇ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಮೀಟರು ಅದ್ದಿದಳು. ನಾಲ್ಕು. ನಾಲ್ಕರ ಮೇಲೆ ಒಂದಿಷ್ಟು. ಎದೆಯ ಮೇಲಿದ್ದ ಬೀಸುಕಲ್ಲನ್ನು ಯಾರೋ ಎತ್ತಿಟ್ಟಂತಾಗಿ ಅವಳು ಸಗಣಿ ನೆಲವೆಂದೂ ನೋಡದೆ ಹಾಗೇ ಕೂತುಬಿಟ್ಟಳು. ಕಣ್ಣು ತುಂಬಿ ಬಂತು, ನಗುವೂ ಬಂತು. ನಾಳೆಯಿಂದ ಹಾಲು ಚೆಲ್ಲಬೇಡಿ ಎಂದು ಹೇಳಿದಾಗ ಯಲ್ಲವ್ವ, ಅಂಗೈ ಹುಣ್ಣಿಗೆ ಕನ್ನಡಿ ಬೇಕಾಯಿತಲ್ಲ ನಿನಗೆ ಎಂದು ಚೇಷ್ಟೆ ಮಾಡಿದಳು.

ಆಮೇಲೆ ಪ್ರಣಿತಾ ಆರು ಮನೆ ತಿರುಗಿದಳು. ಆರೂ ಮನೆಯಲ್ಲಿ ಉಪ್ಪು ಹಾಕಿದ್ದರು. ಆರೂ ಎಮ್ಮೆಗಳ ಹಾಲನ್ನು ತಾನೇ ಹಿಂಡಿ ನೋಡಿದಳು. ಒಂದೂ ಐದನ್ನು ಮುಟ್ಟಲಿಲ್ಲ. ದಾರಿಯಲ್ಲೇ ಮಲ್ಲಿಕಾರ್ಜುನ ಸರ್‌ಗೆ ಫೋನು ಮಾಡಿದಳು. ಅವರು ಎರಡೆರಡು ಸಲ ಹೇಳಿಸಿಕೊಂಡು, ಪ್ರಯೋಗ ಮುಂದುವರಿಸು ಎಂದರು.

ಉಳಿದದ್ದು ಚನ್ನವ್ವನ ಮನೆ. ಬೆಳಿಗ್ಗೆಯಿಂದ ಅವಳ ಕೈಯಲ್ಲಿದ್ದ ಒಂದೇ ಒಂದು ಸಮಾಧಾನದ ಅಂಕಿ ಈ ಮನೆಯದು. ಪ್ರಣಿತಾ ಗೆದ್ದವರ ಹುರುಪಿನಲ್ಲೇ ಬಾಗಿಲಿಗೆ ಹೋಗಿ, ನೀವೆಷ್ಟು ಉಪ್ಪು ಹಾಕಿದ್ದಿರಿ ಎಂದು ನಗುತ್ತ ಕೇಳಿದಳು. ಚನ್ನವ್ವ ನಗಲಿಲ್ಲ. ಅವಳ ಕಣ್ಣು ಪ್ರಣಿತಾಳ ಕೈಯಲ್ಲಿದ್ದ ಔಷಧದ ಪೆಟ್ಟಿಗೆಯ ಮೇಲಿತ್ತು.

"ನಾ ಹಾಕಿಲ್ಲವಾ. ಉಪ್ಪು ಹಾಕೂವಂಥಾ ಹಾಲು ನಮ್ಮ ಎಮ್ಮಿ ಇನ್ನೂ ಕೊಟ್ಟಿಲ್ಲ."