ತಿಮ್ಮಪ್ಪನ ಮುಂದಿನ ಮಾತ್ರೆ

"ಅತ್ತೆ, ಆ ಮಾತ್ರೆ ಕೊಡಿ. ಇವತ್ತೇ ಶುರು ಮಾಡ್ಬೇಕು," ಎಂದು ಪಾರ್ವತಮ್ಮ ಕೊಟ್ಟಿಗೆಯ ಜಗಲಿಯಿಂದಲೇ ಕೂಗಿದಳು. ಮುಟ್ಟಾಗಿ ಹೊರಗೆ ಕೂತು ಅವಳಿಗೆ ಎರಡನೇ ದಿನ.

ರಾಗಿ ಕೇರುತ್ತಿದ್ದ ಪಿಳ್ಳಮ್ಮ ಮೊರ ನಿಲ್ಲಿಸಲಿಲ್ಲ. "ದೇವ್ರ ಮುಂದೆ ಐತೆ. ನಾಲ್ಕನೇ ದಿನ ನೀರು ಹಾಕ್ಕೊಂಡು ಒಳಕ್ಕೆ ಬಾ, ನಾನೇ ಕೊಡ್ತೀನಿ."

ಪಾರ್ವತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮೂರು ತಿಂಗಳಿಂದ ಇದೇ ರಾಮಾಯಣ. ಹೊಸೂರಿನ ಲೇಡಿ ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದ್ದರು: ಈ ಮಾತ್ರೆ ಮೈಯೊಳಗಿನ ಒಂದು ಹಾರ್ಮೋನಿಗೆ ಅಡ್ಡ ನಿಲ್ಲುತ್ತೆ, ಆಗಲೇ ಅಂಡ ಬಲಿಯೋದು; ಮುಟ್ಟಾದ ಎರಡನೇ ದಿನವೇ ಶುರು ಮಾಡಬೇಕು, ತಡವಾದರೆ ಆ ತಿಂಗಳು ದಂಡ. ಆದರೆ ಗಂಡ ಚೆನ್ನಕೇಶವ ಬೆಂಗಳೂರಿನಿಂದ ಮಾತ್ರೆ ತಂದ ದಿನವೇ ಅವನ ತಾಯಿ ಅದಕ್ಕೆ ಅರಿಶಿನ ಕುಂಕುಮ ಇಟ್ಟು ತಿಮ್ಮಪ್ಪನ ಪಟದ ಮುಂದೆ ಕೂರಿಸಿಬಿಟ್ಟಿದ್ದಳು. ಮೊಮ್ಮಗು ಬೇಕೆಂಬ ಆಸೆ ಸೊಸೆಗಿಂತ ಅವಳಿಗೇ ಒಂದು ಕೈ ಹೆಚ್ಚು. ಆದರೂ ದೇವರ ಮುಂದಿಟ್ಟದ್ದನ್ನು ಹೊರಗಾದವಳ ಕೈಗೆ ಕೊಡುವುದುಂಟೇ? ಎರಡು ತಿಂಗಳು ಹೀಗೇ ತಪ್ಪಿತು. "ಇನ್ನೊಂದು ಸಲ ತಪ್ಪಿಸಿದರೆ ನನ್ನ ಹತ್ತಿರ ಬರಲೇಬೇಡ," ಎಂದು ಡಾಕ್ಟರು ರೇಗಿದ್ದರು. ಬೈಸಿಕೊಂಡವಳು ಪಾರ್ವತಮ್ಮ, ಅತ್ತೆಯಲ್ಲ.

ಸೈಕಲ್ ಏರುತ್ತಿದ್ದ ಗಂಡನನ್ನು ಕರೆದಳು. "ನೀವಾದ್ರೂ ತಂದ್ಕೊಡಿ."

"ಅಮ್ಮನ್ನ ಕೇಳು. ನಂಗೆ ಶಿಫ್ಟಿಗೆ ಟೈಮಾಯ್ತು." ಚೆನ್ನಕೇಶವ ಪೆಡಲ್ ತುಳಿದೇಬಿಟ್ಟ. ತಡವಾದರೆ ಫ್ಯಾಕ್ಟರಿ ಗೇಟು ಹಾಕುತ್ತಾರೆಂದು ತಿಳಿದ ಮಹಾರಾಯನಿಗೆ ಇಲ್ಲಿಯ ಗೇಟು ಮಾತ್ರ ತಿಳಿಯದು.

"ಅತ್ತೆ, ಇವತ್ತು ತಪ್ಪಿದ್ರೆ ಡಾಕ್ಟ್ರು ಇನ್ನ ನೋಡಲ್ಲ."

"ತಿಮ್ಮಪ್ಪಂಗಿಂತ ದೊಡ್ಡೋಳಾ ಅವ್ಳು? ಮೈಲಿಗೇಲಿ ತಿಂದ್ರೆ ಮೈಗೆ ಹತ್ತತ್ತಾ ಅದು?"

"ಈ ಮೈಲಿಗೆ ಇಲ್ದಿದ್ರೆ ನಿಮ್ಮ ಮಗ ಎಲ್ಲಿಂದ ಹುಟ್ತಿದ್ದ?"

ಹಾಗೆಂದವಳೇ ಎದ್ದು, ಹಿತ್ತಿಲ ಬಾಗಿಲಿಂದ ನೇರ ದೇವರ ಮೂಲೆಗೆ ನುಗ್ಗಿ, ಒಂದು ಮಾತ್ರೆ ಕಿತ್ತು ಬಾಯಿಗೆ ಹಾಕಿಕೊಂಡಳು. ಪಿಳ್ಳಮ್ಮನ ಕೈಯಿಂದ ಮೊರ ಜಾರಿ ರಾಗಿಯೆಲ್ಲ ಚೆಲ್ಲಿತು. "ಅಯ್ಯೋ ಮನೆಹಾಳಿ! ಮನೆಯೆಲ್ಲ ಸಾರಿಸ್ಬೇಕಲ್ಲೇ ಈಗ!"

ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡು ಪಾರ್ವತಮ್ಮನಿಗೆ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು. ಪಿಳ್ಳಮ್ಮ ಒಂದು ಗಳಿಗೆ ನೋಡಿದಳು, ಗೊಣಗಿದಳು, ಆಮೇಲೆ ಚೆಂಬು ತಂದು ಎಲ್ಲೂ ತಾಕದ ಹಾಗೆ ಮೇಲಿನಿಂದ ನೀರು ಹುಯ್ದಳು. "ಬಾಯಿ ತೆಗಿ. ಬರೀ ಗಂಟ್ಲಲ್ಲಿ ನುಂಗ್ತಾರಾ ಯಾರಾದ್ರೂ?"

ಅಂದು ಸಂಜೆಯವರೆಗೂ ಪಿಳ್ಳಮ್ಮ ಸಗಣಿ ಹಾಕಿ ನೆಲ ಸಾರಿಸಿದಳು. ಮಿಕ್ಕ ಮಾತ್ರೆಗಳಂತೂ ಮತ್ತೆ ತಿಮ್ಮಪ್ಪನ ಮುಂದೆಯೇ ಹೋಗಿ ಕೂತವು. ದಿನಕ್ಕೊಂದರಂತೆ ಇನ್ನೂ ನಾಲ್ಕು ನುಂಗಬೇಕು, ದಿನಾ ಹೀಗೇ ಯುದ್ಧ ಮಾಡಬೇಕೇ ಎಂದು ಪಾರ್ವತಮ್ಮನಿಗೆ ಸಾಕುಸಾಕಾಯಿತು.

ಮಾರನೆಯ ಬೆಳಿಗ್ಗೆ ಅವಳು ಸೆರಗು ಬಿಗಿದು ಜಗಳಕ್ಕೆ ಸಿದ್ಧಳಾಗಿಯೇ ಎದ್ದಳು. ನೋಡಿದರೆ ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಪಿಳ್ಳಮ್ಮ ಆಗಲೇ ಹೊಲಕ್ಕೆ ಹೋಗಿದ್ದಳು. ದೇವರ ಮೂಲೆಯಲ್ಲಿ ಮಾತ್ರೆ ಇತ್ತು, ಪಕ್ಕದಲ್ಲಿ ಒಂದು ಚೆಂಬು ನೀರಿತ್ತು. ತಿಮ್ಮಪ್ಪನ ಪಟ ಮಾತ್ರ ಗೋಡೆಯ ಕಡೆ ಮುಖ ಮಾಡಿತ್ತು.