ಬಲಗಾಲಿನ ಮೇಲೆ ನೀರು

ಮಾಳಿಗೆ ಮೂರು ಕಡೆ ಸೋರುತ್ತಿತ್ತು. ಎರಡು ಕಡೆ ಕೊಡ, ಬೋಗುಣಿ ಇಟ್ಟು ಬಂದ ಮರಿಲಿಂಗ, ಹೆಂಡತಿಯ ಮಂಚದ ಹತ್ತಿರ ನಿಂತುಬಿಟ್ಟ. ನೀರು ಮಹಾನಂದಾಳ ಬಲಗಾಲಿನ ಮೇಲೆಯೇ ಬೀಳುತ್ತಿತ್ತು. ಕೌದಿ ತೊಯ್ದು ತೊಪ್ಪೆಯಾಗಿತ್ತು, ಪಾದ ಬೆಳ್ಳಗೆ ಸುಕ್ಕುಗಟ್ಟಿತ್ತು. ಅವಳು ಮಾತ್ರ ಅಂಗಾತ ಮಲಗಿ, ಎದೆಯ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು.

ಹೋದ ವರ್ಷ ಬಣವಿ ಮೇಲಿಂದ ಬಿದ್ದು ಅವಳ ಸೊಂಟ ಮುರಿದಿತ್ತು. ಬಲಗಾಲಿಗೆ ಸ್ಪರ್ಶ ತಿಳಿಯುತ್ತಿದ್ದರೆ ಒಂದು ದಿನ ಎದ್ದು ನಡೆದಾಳು ಎಂದಿದ್ದರು ಯಾದಗಿರಿಯ ಡಾಕ್ಟರು. ಅಂದಿನಿಂದ ದಿನಾ ಬೆಳಿಗ್ಗೆ ಮರಿಲಿಂಗ ಅವಳ ಹೆಬ್ಬೆರಳು ಒತ್ತಿ, "ತಿಳಿತೈತೇನ?" ಎಂದು ಕೇಳುವನು. ಅವನ ಕೈಯನ್ನೇ ನೋಡುತ್ತ ಅವಳು, "ಹೂಂರಿ, ತಿಳಿತೈತಿ" ಎನ್ನುವಳು. ಕಣ್ಣಿಗೆ ಕಂಡದ್ದನ್ನೇ ಅವಳು ಇಷ್ಟು ದಿನ ಹೇಳುತ್ತ ಬಂದಿದ್ದಳು, ಗಂಡನ ಜೀವಕ್ಕೆ ಸಮಾಧಾನವಾಗಲೆಂದು.

"ಯಾಕ್ರಿ, ಸುಮ್ನ ನಿಂತೀರಿ? ಇಲ್ಲೂ ಸೋರಾಕತ್ತೈತೇನ?"

ಮರಿಲಿಂಗ ತಲೆಯ ರುಮಾಲು ಬಿಚ್ಚಿ, ಅವಳ ಕಣ್ಣಿಗೆ ಬೀಳದಂತೆ ಮೊರದ ಮರೆಯಲ್ಲಿ ಬಗ್ಗಿ ಪಾದ ಒರೆಸಿದ. ಬೆರಳುಗಳ ಸಂದು ಸಂದು ಒರೆಸಿದ. ಅವಳು ಶೇಂಗಾ ಸುಲಿಯುತ್ತಲೇ ಇದ್ದಳು.

"ಇಲ್ಲ ಬಿಡು, ಇಲ್ಲಿ ಒಂದು ಹನಿನೂ ಬಿದ್ದಿಲ್ಲ" ಎಂದ, ಆ ಕಾಲಿನ ಮೇಲೆ ಬೀಳುವ ನೀರಿಗೆ ತನ್ನ ಅಂಗೈ ಒಡ್ಡಿ.